ಬಾಯಿ ಗಟ್ಟಿ, ಬೆನ್ನು ಮೆತ್ತಗೆ

ಹಳೇ ಪದ್ಧತಿಯ ಕೊಡಲಿ ಕುಲುಮೆಯಲ್ಲಿ ರೂಪುಗೊಳ್ಳುವುದು ಹೇಗೆ? ಹೊಸದಾಗಿ ಸುತ್ತಿಗೆ ಹಿಡಿದವರು ಎಡವುವುದು ಎಲ್ಲಿ?

ಕೊಡಲಿಯಿಂದ ನಾವು ಬಯಸುವುದು ಒಂದಕ್ಕೊಂದು ಒಗ್ಗದ ಎರಡು ಗುಣಗಳನ್ನು. ಅದರ ಬಾಯಿ ಮರದ ನಾರನ್ನು ಕಡಿದು ಒಳನುಗ್ಗಬೇಕು, ನೂರಾರು ಏಟು ಬಿದ್ದರೂ ಮೊಂಡಾಗಬಾರದು. ಅದಕ್ಕೆ ಗಡಸುತನ ಬೇಕು. ಅದೇ ಏಟಿನ ಆಘಾತವನ್ನು ಮೈ ತಾಳಿಕೊಳ್ಳಬೇಕು, ಬಿರಿಯಬಾರದು. ಅದಕ್ಕೆ ಮೆತುತನ ಬೇಕು. ಆದರೆ ಉಕ್ಕಿನ ಸ್ವಭಾವವೇ ಬೇರೆ. ಗಡಸಾದಷ್ಟೂ ಅದು ಪೆಡಸಾಗುತ್ತದೆ, ಮೆತ್ತಗಾದಷ್ಟೂ ಬಾಗುತ್ತದೆ. ಇಡೀ ಕೊಡಲಿಯನ್ನು ಗಟ್ಟಿ ಮಾಡಿದರೆ ಒಣಗಿದ ಜಾಲಿಯ ಗಂಟಿಗೆ ಬಿದ್ದ ಏಟಿಗೇ ಬಾಯಿಯ ಚೂರು ಹಾರುತ್ತದೆ. ಇಡೀ ಕೊಡಲಿ ಮೆತ್ತಗಿದ್ದರೆ ಒಂದು ಹೊರೆ ಸೌದೆ ಸೀಳುವಷ್ಟರಲ್ಲಿ ಅಲಗು ಮಡಚಿಕೊಳ್ಳುತ್ತದೆ. ಹಾಗಾಗಿ ಕೊಡಲಿ ಮಾಡುವವನು ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎಂದು ಮೊದಲೇ ತೀರ್ಮಾನಿಸಿ ಎರಡನ್ನೂ ಒಂದೇ ತುಂಡಿನಲ್ಲಿ ಕೂಡಿಸಬೇಕು. ಸುತ್ತಿಗೆಯ ಏಟು ಎಲ್ಲರ ಕಣ್ಣಿಗೂ ಬೀಳುತ್ತದೆ. ಕೊಡಲಿಯ ಹಣೆಬರಹ ಬರೆಯುವುದು ಮಾತ್ರ ಬೆಂಕಿಯ ಲೆಕ್ಕ.

ಹಳ್ಳಿಗಳಲ್ಲಿ ಕುಲುಮೆಗಳು ಒಂದೊಂದಾಗಿ ಆರುತ್ತಿರುವ ಕಾಲದಲ್ಲೇ ಪೇಟೆಯ ಕೆಲವರಿಗೆ ಕಮ್ಮಾರಿಕೆಯ ಹುಚ್ಚು ಹತ್ತಿದೆ. ವಿಡಿಯೊ ನೋಡಿ ಹಿತ್ತಲಲ್ಲಿ ಪುಟ್ಟ ಒಲೆ ಕಟ್ಟಿಕೊಳ್ಳುತ್ತಾರೆ, ಒಂದೆರಡು ಚಾಕು ಮಾಡುತ್ತಾರೆ, ಆಮೇಲೆ ಕೊಡಲಿಗೆ ಕೈ ಹಾಕುತ್ತಾರೆ. ಚಾಕುವಿನಿಂದ ಕೊಡಲಿಗೆ ಒಂದೇ ಹೆಜ್ಜೆ ಎನಿಸಬಹುದು. ಆದರೆ ಚಾಕುವೆಂದರೆ ಒಂದು ಚಪ್ಪಟೆ ಪಟ್ಟಿ. ಕೊಡಲಿಯಲ್ಲಾದರೆ ದಪ್ಪ ತುಂಡನ್ನು ಹಣಿಯುವುದು, ಕಾವಿಗೆ ತೂತು ಮಾಡುವುದು, ಬೆಸುಗೆ ಹಾಕುವುದು, ಹದ ಕೊಡುವುದು ನಾಲ್ಕೂ ಸೇರುತ್ತವೆ. ಹಳೇ ಕುಲುಮೆಯ ಹುಡುಗ ಕೊಡಲಿಯ ತನಕ ಬರುವಷ್ಟರಲ್ಲಿ ತಿದಿ ಒತ್ತಿ, ಸಮ್ಮಟಿಗೆ ಹೊಡೆದು, ಮೊಳೆ, ಕೊಂಡಿ, ಕುಡುಗೋಲು, ನೇಗಿಲ ಕುಳಗಳಲ್ಲಿ ಕೈ ಪಳಗಿಸಿಕೊಂಡಿರುತ್ತಿದ್ದ.

ತಟ್ಟಿದ ಕಡೆಗೇ ಸಮ್ಮಟಿಗೆ

ನಮ್ಮ ಹಳ್ಳಿಯ ಕುಲುಮೆ ಹೆಚ್ಚಾಗಿ ನೆಲಮಟ್ಟದ್ದು. ಕಮ್ಮಾರ ಕೂತೇ ಕೆಲಸ ಮಾಡುತ್ತಾನೆ. ಒಲೆ, ಅಡಿಗಲ್ಲು, ನೀರಿನ ಬಾನಿ ಮೂರೂ ಕೈಗೆಟಕುವ ದೂರದಲ್ಲಿರುತ್ತವೆ. ಚರ್ಮದ ತಿದಿಯ ಜಾಗಕ್ಕೆ ಈಗ ಕೈಯಲ್ಲಿ ತಿರುಗಿಸುವ ಪಂಕವೋ ಕರೆಂಟಿನ ಬ್ಲೋವರೋ ಬಂದಿದೆ. ಕಮ್ಮಾರನ ಎಡಗೈಯಲ್ಲಿ ಇಕ್ಕಳ, ಬಲಗೈಯಲ್ಲಿ ಚಿಕ್ಕ ಸುತ್ತಿಗೆ, ಎದುರು ನಿಂತವರ ಕೈಯಲ್ಲಿ ಸಮ್ಮಟಿಗೆ. ಏಟು ಎಲ್ಲಿ ಬೀಳಬೇಕೆಂದು ಅವನು ಬಾಯಿಬಿಟ್ಟು ಹೇಳುವುದಿಲ್ಲ. ಚಿಕ್ಕ ಸುತ್ತಿಗೆಯಿಂದ ಆ ಜಾಗಕ್ಕೆ ತಟ್ಟುತ್ತಾನೆ, ಮರುಕ್ಷಣ ಸಮ್ಮಟಿಗೆ ಅಲ್ಲಿಗೇ ಬೀಳುತ್ತದೆ. ಬರೀ ಅಡಿಗಲ್ಲಿನ ಮೇಲೆ ಕುಟ್ಟಿದನೆಂದರೆ ಸಾಕು, ನಿಲ್ಲಿಸು ಎಂದರ್ಥ. ಊರೂರು ಅಲೆಯುವ ಘಿಸಾಡಿ ಕುಟುಂಬಗಳಲ್ಲಿ ಸಮ್ಮಟಿಗೆ ಹೊಡೆಯುವ ಕೆಲಸ ಬಹುಪಾಲು ಹೆಂಗಸರದ್ದು.

ಒಬ್ಬಂಟಿಯಾಗಿ ಕಲಿಯುವವರಿಗೆ ಈ ಜೋಡಿ ಸಿಗುವುದಿಲ್ಲ. ಆ ಕೊರತೆ ತುಂಬಲು ಭಾರದ ಸುತ್ತಿಗೆ ಹಿಡಿಯುತ್ತಾರೆ. ಸ್ವಲ್ಪ ಹೊತ್ತಿಗೆ ತೋಳು ಸೋತು ಏಟು ಓರೆಯಾಗುತ್ತದೆ. ಗುರಿ ತಪ್ಪದೆ ಬೀಳುವ ಒಂದು ಕೆ.ಜಿ. ಸುತ್ತಿಗೆ, ಗುರಿ ತಪ್ಪುವ ಎರಡು ಕೆ.ಜಿ.ಗಿಂತ ಬೇಗ ಕೆಲಸ ಮುಗಿಸುತ್ತದೆ. ಮೊದಲ ಕೊಡಲಿಯೂ ಸಣ್ಣದಾಗಿರಲಿ. ಮುಕ್ಕಾಲು ಕೆ.ಜಿ.ಯ ಕೈಗೊಡಲಿಯಲ್ಲಿ ಕಲಿಯುವುದೆಲ್ಲ ಇರುತ್ತದೆ, ದಣಿವು ಅರ್ಧಕ್ಕರ್ಧ ಕಡಿಮೆ.

ಯಾವ ಕಬ್ಬಿಣ, ಯಾವ ಉಕ್ಕು?

ಗುಜರಿ ಅಂಗಡಿಯ ರಾಶಿಯಲ್ಲಿ ಎಲ್ಲವೂ ತುಕ್ಕು ಹಿಡಿದ ಒಂದೇ ಬಣ್ಣದ ಲೋಹ. ಅವುಗಳ ಗುಣ ಬೇರೆಯಾಗುವುದು ಮುಖ್ಯವಾಗಿ ಇಂಗಾಲದಿಂದ. ಗೇಟು, ಗ್ರಿಲ್ಲಿಗೆ ಬಳಸುವ ಎಂ.ಎಸ್. ಪಟ್ಟಿಯಲ್ಲಿ ಇಂಗಾಲ ಸುಮಾರು ಶೇ 0.2ರಷ್ಟು ಇರುತ್ತದೆ. ಇದನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೂ ಹೇಳಿಕೊಳ್ಳುವಷ್ಟು ಗಡಸಾಗುವುದಿಲ್ಲ. ಮನೆ ಕಟ್ಟಿ ಉಳಿದ ಟಿ.ಎಂ.ಟಿ. ಕಂಬಿಯದೂ ಹೆಚ್ಚುಕಡಿಮೆ ಇದೇ ಕಥೆ. ಅದರಿಂದ ಕೊಡಲಿ ಮಾಡಿದರೆ ನೋಟಕ್ಕೆ ಕೊಡಲಿ, ಕೆಲಸಕ್ಕೆ ಸೊನ್ನೆ. ಲಾರಿಯ ಸ್ಪ್ರಿಂಗ್ ಪ್ಲೇಟಿನಲ್ಲಿ ಇಂಗಾಲ ಶೇ 0.5ರಿಂದ 0.65ರ ಆಸುಪಾಸು ಇರುತ್ತದೆ, ಜೊತೆಗೆ ಸಿಲಿಕಾನ್ ಅಥವಾ ಕ್ರೋಮಿಯಂ, ಮ್ಯಾಂಗನೀಸ್ ಬೆರೆತಿರುತ್ತವೆ. ಅದು ಗಡಸೂ ಆಗುತ್ತದೆ, ಏಟೂ ತಾಳುತ್ತದೆ. ಇಂದಿನ ಹಳ್ಳಿಯ ಮಚ್ಚು, ಕತ್ತಿ, ಕೊಡಲಿಗಳಲ್ಲಿ ದೊಡ್ಡ ಪಾಲು ಹಳೇ ಲಾರಿಗಳ ಕೆಳಗಿನಿಂದಲೇ ಬಂದದ್ದು.

ಹಿಂದೆ ಈ ಅನುಕೂಲ ಇರಲಿಲ್ಲ. ಟಿಪ್ಪುವಿನ ಪತನದ ಬೆನ್ನಲ್ಲೇ, 1800-01ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಉಕ್ಕು ಮಾಡುತ್ತಿದ್ದ ಬಗೆಯನ್ನು ಬರೆದಿಟ್ಟಿದ್ದಾನೆ. ಆ ಪ್ರವಾಸಕಥನ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಮಣ್ಣಿನ ಪುಟ್ಟ ಮೂಸೆಯೊಳಗೆ ಮೆದು ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಒಂದು ಬಳ್ಳಿಯ ಎರಡು ಹಸಿ ಎಲೆ ಇಟ್ಟು, ಬಾಯಿ ಮುಚ್ಚಿ, ಇದ್ದಿಲ ಬೆಂಕಿಯಲ್ಲಿ ಕಾಯಿಸುತ್ತಿದ್ದರು. ಕಡ್ಡಿ, ಎಲೆಗಳ ಇಂಗಾಲವನ್ನು ಹೀರಿ ಕಬ್ಬಿಣ ಉಕ್ಕಾಗುತ್ತಿತ್ತು. ಒಂದು ಮೂಸೆಯಿಂದ ದಕ್ಕುತ್ತಿದ್ದದ್ದು ಅಂಗೈಯಲ್ಲಿ ಹಿಡಿಸುವಷ್ಟು ಗಟ್ಟಿ, ಅದಕ್ಕೆ ಸುಟ್ಟ ಇದ್ದಿಲು ಲೆಕ್ಕವಿಲ್ಲದಷ್ಟು. ಅಷ್ಟು ದುಬಾರಿ ಉಕ್ಕನ್ನು ಇಡೀ ಕೊಡಲಿಗೆ ಸುರಿಯುವವರು ಯಾರು? ಮೈಯೆಲ್ಲ ಮೆದು ಕಬ್ಬಿಣ, ಬಾಯಿಗೆ ಮಾತ್ರ ಉಕ್ಕಿನ ತುಂಡು ಎಂಬುದು ಹೀಗೆ ಜಗತ್ತಿನ ನಾನಾ ಕಡೆಯ ಕಮ್ಮಾರರು ಹಿಡಿದ ದಾರಿ. ಉಳಿತಾಯಕ್ಕೆಂದು ಹಿಡಿದ ಆ ದಾರಿಯೇ ಗುಣದಲ್ಲೂ ಸರಿಯಾದದ್ದಾಗಿತ್ತು. ಬಾಯಿಗೆ ಗಡಸು ಸಿಕ್ಕಿತು, ಬೆನ್ನಿಗೆ ಮೆತುತನ ಉಳಿಯಿತು.

ಬಣ್ಣ ನೋಡಿ ಬಡಿ

ಕಾದಾಗ ಬಡಿ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಕಾದಾಗ ಎಂಬುದನ್ನು ಕುಲುಮೆಯಲ್ಲಿ ಬಣ್ಣ ಹೇಳುತ್ತದೆ. ಮಂದ ಕೆಂಪು ಸುಮಾರು 650ರಿಂದ 700 ಡಿಗ್ರಿ ಸೆಲ್ಸಿಯಸ್. ಕಿತ್ತಳೆ ಬಣ್ಣ ಬಂದಾಗ 950 ದಾಟಿರುತ್ತದೆ. ಹಳದಿಗೆ ತಿರುಗಿದರೆ 1,100ರ ಮೇಲೆ. ಕೊಡಲಿಯಂಥ ದಪ್ಪ ತುಂಡನ್ನು ಹಣಿಯಬೇಕಾದ್ದು ಕಿತ್ತಳೆ–ಹಳದಿಯಲ್ಲಿ. ಕೆಂಪು ಮಂಕಾಗುತ್ತಿದ್ದಂತೆ ಒಲೆಗೆ ಮರಳಿಸಬೇಕು. ‘ಇನ್ನೆರಡು ಏಟು’ ಎಂಬ ಆಸೆಯಿಂದ ಆರಿದ ಉಕ್ಕನ್ನು ಬಡಿದರೆ ಒಳಗೆ ಸೀಳು ಬೀಳುತ್ತದೆ. ಆಗ ಕಾಣದ ಆ ಸೀಳು ಹದ ಹಾಕುವ ದಿನ ಬಾಯಿ ತೆರೆಯುತ್ತದೆ.

ಬಣ್ಣ ಕಾಣಬೇಕಾದರೆ ನೆರಳು ಬೇಕು. ಬಿಸಿಲಿನಲ್ಲಿ ಕಿತ್ತಳೆ ಬಣ್ಣವೂ ಮಂದ ಕೆಂಪಾಗಿ ಕಾಣುವುದರಿಂದ ಬಯಲಿನಲ್ಲಿ ಒಲೆ ಇಟ್ಟವರು ಉಕ್ಕನ್ನು ಅತಿಯಾಗಿ ಕಾಯಿಸುತ್ತಾರೆ. ಅತಿಯಾದರೆ ಅಂಚಿನಿಂದ ಸುರುಸುರುಬತ್ತಿಯಂತೆ ಬಿಳಿ ಕಿಡಿ ಚಿಮ್ಮುತ್ತದೆ. ಉಕ್ಕು ಉರಿಯುತ್ತಿದೆ ಎಂಬುದರ ಗುರುತು ಅದು. ಉರಿದ ಭಾಗವನ್ನು ಯಾವ ಹದವೂ ಸರಿಪಡಿಸದು, ಕತ್ತರಿಸಿ ಎಸೆಯುವುದೊಂದೇ ದಾರಿ.

ತೂತಿನ ತೊಡಕು

ಕೊಡಲಿಯ ಇತಿಹಾಸವೆಂದರೆ ಬಹುಮಟ್ಟಿಗೆ ಕಾವನ್ನು ತಲೆಗೆ ಸೇರಿಸುವ ಪ್ರಯತ್ನಗಳ ಇತಿಹಾಸ. ಬಳ್ಳಾರಿ ಬಳಿಯ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ಡೋಲರೈಟ್ ಕಲ್ಲನ್ನು ಒಡೆದು, ಉಜ್ಜಿ, ಕೊಡಲಿ ಮಾಡುತ್ತಿದ್ದರು. ಕಲ್ಲಿಗೆ ತೂತು ಕೊರೆಯುವುದು ಪ್ರಯಾಸದ ಕೆಲಸವಾದ್ದರಿಂದ ಕಲ್ಲನ್ನೇ ಮರಕ್ಕೆ ಸಿಕ್ಕಿಸಿ ಕಟ್ಟಬೇಕಿತ್ತು. ಕಬ್ಬಿಣ ಬಂದಮೇಲೂ ಈ ಅಭ್ಯಾಸ ಒಮ್ಮೆಗೇ ಬಿಡಲಿಲ್ಲ. ವಿದರ್ಭದ ಮಾಹುರ್ಝರಿ, ನಾಯ್ಕುಂಡ್‌ಗಳ ಬೃಹತ್ ಶಿಲಾಯುಗದ ಸಮಾಧಿಗಳಲ್ಲಿ ಸಿಕ್ಕ ಕಬ್ಬಿಣದ ಕೊಡಲಿಗಳು ಚಪ್ಪಟೆ ಫಲಕಗಳು. ಕಾವನ್ನು ಬಿಗಿಯಲು ಅವುಗಳ ಮೇಲೆ ಅಡ್ಡಡ್ಡ ಹಾಯ್ದ ಕಬ್ಬಿಣದ ಪಟ್ಟಿಗಳಿವೆ. ಬಡಿದಷ್ಟೂ ಸಡಿಲವಾಗುವ ಕಟ್ಟಿಗೆ ಪರಿಹಾರವಾಗಿ ಬಂದದ್ದು ತಲೆಯಲ್ಲೇ ತೂತಿರುವ ಕೊಡಲಿ.

ತೂತು ಮಾಡಲು ಎರಡು ಹಾದಿಗಳಿವೆ. ಒಂದು, ಗಟ್ಟಿ ತುಂಡನ್ನು ಹಳದಿ ಬಣ್ಣಕ್ಕೆ ಕಾಯಿಸಿ ಚಾಣದಿಂದ ಸೀಳು ಹಾಕಿ, ಕಾವಿನ ಆಕಾರದ ಉಕ್ಕಿನ ಅಚ್ಚನ್ನು ಬಡಿದಿಳಿಸಿ ಸೀಳನ್ನು ಹಿಗ್ಗಿಸುವುದು. ಸ್ಪ್ರಿಂಗ್ ಉಕ್ಕಿನಂಥ ಒಂದೇ ಲೋಹದ ಕೊಡಲಿಗೆ ಇದು ಸೂಕ್ತ. ಸೀಳು ನಡುಗೆರೆ ಬಿಟ್ಟು ಕೂದಲೆಳೆಯಷ್ಟು ಸರಿದರೂ ಹಿಗ್ಗುವಾಗ ಒಂದು ಗೋಡೆ ದಪ್ಪ, ಇನ್ನೊಂದು ತೆಳುವಾಗುತ್ತದೆ. ಅದಕ್ಕೇ ಅನುಭವಿಗಳು ಎರಡೂ ಬದಿಗೆ ಗುರುತು ಹಾಕಿ, ಅರ್ಧ ಈ ಕಡೆಯಿಂದ, ಅರ್ಧ ಆ ಕಡೆಯಿಂದ ಸೀಳುತ್ತಾರೆ. ನಾಲ್ಕಾರು ಏಟಿಗೊಮ್ಮೆ ಚಾಣವನ್ನು ತೆಗೆದು ನೀರಿಗೆ ಅದ್ದುತ್ತಾರೆ. ಇಲ್ಲದಿದ್ದರೆ ಚಾಣವೇ ಹದ ಕಳೆದುಕೊಂಡು ತೂತಿನೊಳಗೆ ಸಿಕ್ಕಿಕೊಳ್ಳುತ್ತದೆ.

ಇನ್ನೊಂದು ಹಳೇ ಹಾದಿ, ಮಡಚಿ ಬೆಸೆಯುವುದು. 50 ಮಿ.ಮೀ. ಅಗಲ, 12 ಮಿ.ಮೀ. ದಪ್ಪ, ಒಂದಡಿ ಉದ್ದದ ಎಂ.ಎಸ್. ಪಟ್ಟಿ ತೆಗೆದುಕೊಂಡರೆ ಅದರ ತೂಕ ಒಂದೂವರೆ ಕೆ.ಜಿ.ಗೆ ಹತ್ತಿರ. ಕಲಿಯುವವರ ಕೈಗೊಡಲಿಗೆ ಇದರರ್ಧ ತೂಕದ ಪಟ್ಟಿ ಸಾಕು. ಕಾವು ಕೂರುವ ನಡುಭಾಗವನ್ನು ಮೊದಲು ಬಡಿದು ತುಸು ತೆಳುವಾಗಿಸಿ, ಅಗಲ ಮಾಡಿಕೊಳ್ಳಬೇಕು. ಆ ಅಗಲವೇ ಮುಂದೆ ಕಾವನ್ನು ತಬ್ಬಿ ಹಿಡಿಯುತ್ತದೆ. ಪಟ್ಟಿಯನ್ನು ಅಚ್ಚಿನ ಸುತ್ತ ಮಡಚಿ ಎರಡು ತುದಿಗಳನ್ನು ಎದುರುಬದುರು ತಂದು, ತುದಿಗಳ ನಡುವೆ ಬೆಣೆಯಾಕಾರದ ಉಕ್ಕಿನ ತುಂಡನ್ನು ಸೇರಿಸಬೇಕು. ಕೊಡಲಿಯ ಬಾಯಿಯಾಗುವುದು ಇದೇ ತುಂಡು.

ಬೆಸುಗೆ: ಕೆಲವೇ ಕ್ಷಣಗಳ ಕೆಲಸ

ಹೊಸಬರ ಎದೆ ಹೊಡೆದುಕೊಳ್ಳುವುದು ಇಲ್ಲಿಯೇ. ವೆಲ್ಡಿಂಗ್ ಕಡ್ಡಿಯಿಲ್ಲದೆ, ಬರೀ ಬೆಂಕಿ ಮತ್ತು ಏಟಿನಿಂದ ಎರಡು ಲೋಹ ಒಂದಾಗಬೇಕು. ಕಾದ ಕಬ್ಬಿಣದ ಮೇಲೆ ಕ್ಷಣಕ್ಷಣಕ್ಕೂ ಕಿಟ್ಟ ಕಟ್ಟುತ್ತದೆ. ಎರಡು ಮೈಗಳ ನಡುವೆ ಅದು ಕೂತರೆ ಬೆಸುಗೆ ಹಿಡಿಯದು. ಅದಕ್ಕೇ ತುಂಡು ಕೆಂಪಾದಾಗ ಸಂದಿಗೆ ಬಿಳಿಗಾರ ಉದುರಿಸುತ್ತಾರೆ. ಬಿಳಿಗಾರ ಕರಗಿ ಹರಡಿ, ಕಿಟ್ಟವನ್ನು ತನ್ನೊಳಗೆ ಕರಗಿಸಿಕೊಂಡು, ಗಾಳಿ ತಾಗದಂತೆ ಹೊದಿಕೆಯಾಗುತ್ತದೆ.

ಮತ್ತೆ ಒಲೆಗೆ. ಈಗ ಗಾಳಿ ಜೋರಾಗಿರಬಾರದು, ಇದ್ದಿಲ ಹಾಸು ಮಾತ್ರ ದಪ್ಪಗಿರಬೇಕು. ಬೆಂಕಿಯಲ್ಲಿ ಉಳಿದ ಆಮ್ಲಜನಕ ಕಬ್ಬಿಣವನ್ನು ತಿನ್ನದಿರಲಿ ಎಂದು ಈ ಎಚ್ಚರ. ತುಂಡು ಹಳದಿ ದಾಟಿ ಬಿಳಿಗೆ ಹೊರಳುತ್ತದೆ, ಮೇಲ್ಮೈ ಒದ್ದೆಯಾದಂತೆ ಮಿನುಗುತ್ತದೆ. 1,250 ಡಿಗ್ರಿಯ ಆಸುಪಾಸಿನ ಈ ಮಿನುಗೇ ಸೂಚನೆ. ಇಲ್ಲೊಂದು ತೊಡಕಿದೆ. ಇಂಗಾಲ ಹೆಚ್ಚಿದ್ದಷ್ಟೂ ಕರಗುವ ಬಿಂದು ಇಳಿಯುವುದರಿಂದ ಹೊರಗಿನ ಕಬ್ಬಿಣ ಬೆಸುಗೆಗೆ ಸಿದ್ಧವಾಗುವ ಹೊತ್ತಿಗೆ ಒಳಗಿನ ಉಕ್ಕು ಉರಿಯುವ ಅಂಚಿಗೆ ಬಂದಿರುತ್ತದೆ. ಉಕ್ಕನ್ನು ಕಬ್ಬಿಣದ ಎರಡು ತುದಿಗಳ ನಡುವೆ ಮರೆಮಾಡಿ ಇಡುವುದರ ಲಾಭ ಆಗ ತಿಳಿಯುತ್ತದೆ.

ಒಲೆಯಿಂದ ತೆಗೆದದ್ದೇ ತಡ, ಅಡಿಗಲ್ಲಿನ ಮೇಲೆ ಹಗುರವಾದ, ಚುರುಕಾದ ಏಟುಗಳು. ಮೊದಲ ಏಟು ತೂತಿನ ಬಳಿ, ಆಮೇಲೆ ಬಾಯಿಯ ಕಡೆಗೆ. ಕರಗಿದ ಬಿಳಿಗಾರ ಕಿಟ್ಟದ ಸಮೇತ ಮುಂದಿನಿಂದ ಚಿಮ್ಮಿ ಹೊರಬರಬೇಕು. ಜೋರಾಗಿ ಬಡಿದರೆ ಬೆಣೆ ಜಾರುತ್ತದೆ. ತಡಮಾಡಿದರೆ ಶಾಖ ಇಳಿದು ಬೆಸುಗೆ ಕಚ್ಚುವುದಿಲ್ಲ. ಒಂದೇ ಸಲಕ್ಕೆ ಮುಗಿಯಬೇಕೆಂದಿಲ್ಲ, ಮತ್ತೊಮ್ಮೆ ಬಿಳಿಗಾರ ಹಾಕಿ ಎರಡನೇ, ಮೂರನೇ ಸಲ ಕಾಯಿಸಿ ಬಡಿಯುವುದು ರೂಢಿ. ಆರುವಾಗ ಅಂಚಿನಲ್ಲಿ ಕಪ್ಪು ಗೆರೆ ಉಳಿದರೆ ಅಲ್ಲಿ ಬೆಸುಗೆ ಹಿಡಿದಿಲ್ಲವೆಂದು ತಿಳಿಯಬೇಕು.

ನೀರಿನ ಬಾನಿಯ ಮುಂದೆ

ಆಕಾರ ಬಂದಮೇಲೆ ಕೊಡಲಿಯನ್ನು ಎರಡು ಮೂರು ಸಲ ಕೆಂಪಗೆ ಕಾಯಿಸಿ ತಾನಾಗಿ ಆರಲು ಬಿಡಬೇಕು. ಬಡಿತದಿಂದ ಒಳಗೆ ಉಳಿದ ಬಿಗಿತ ಇದರಿಂದ ಸಡಿಲವಾಗುತ್ತದೆ. ಆಮೇಲೆ ಅರ ಹಾಕಿ ಬಾಯಿಯನ್ನು ರೂಪಿಸಬೇಕು, ಆದರೆ ಪೂರ್ತಿ ಹರಿತ ಮಾಡಬಾರದು. ಅಂಚು ಒಂದೂವರೆ, ಎರಡು ಮಿ.ಮೀ. ದಪ್ಪ ಉಳಿದಿರಲಿ. ತೀರ ತೆಳುವಾದ ಅಂಚು ಹದದ ಹೊಡೆತಕ್ಕೆ ಬಿರಿಯುತ್ತದೆ, ಇಲ್ಲವೇ ಸೊಟ್ಟಗಾಗುತ್ತದೆ.

ಈಗ ಬಾಯಿಯ ಎರಡು ಬೆರಳು ಅಗಲದಷ್ಟು ಭಾಗವನ್ನು ಕೆಂಪಗೆ ಕಾಯಿಸಬೇಕು. ಎಷ್ಟು ಕೆಂಪು ಎಂಬ ಅನುಮಾನವಿದ್ದರೆ ಅಯಸ್ಕಾಂತ ಹಿಡಿದು ನೋಡಬಹುದು. 770 ಡಿಗ್ರಿಯಲ್ಲಿ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವ ಗುಣ ಕಳೆದುಕೊಳ್ಳುತ್ತದೆ. ಅದಕ್ಕಿಂತ ತುಸು ಮೇಲಿನ ಶಾಖ ಸಾಕು. ಆ ಶಾಖದಲ್ಲಿ ಉಕ್ಕಿನ ಅಣುಜಾಲ ಬದಲಾಗಿ ಇಂಗಾಲ ಅದರೊಳಗೆ ಕರಗಿರುತ್ತದೆ. ಥಟ್ಟನೆ ತಣಿಸಿದರೆ ಇಂಗಾಲ ಹೊರಬರಲು ಸಮಯ ಸಿಗದೆ ಒಳಗೇ ಸಿಕ್ಕಿಬೀಳುತ್ತದೆ, ಜಾಲ ಸೆಟೆದುಕೊಳ್ಳುತ್ತದೆ. ಈ ಸೆಟೆದ ರಚನೆಗೆ ಜರ್ಮನಿಯ ಲೋಹತಜ್ಞ ಅಡಾಲ್ಫ್ ಮಾರ್ಟೆನ್ಸ್ ಹೆಸರಿನಿಂದ ಮಾರ್ಟೆನ್ಸೈಟ್ ಎನ್ನುತ್ತಾರೆ. ಅರ ಉಜ್ಜಿದರೂ ಕಚ್ಚದಷ್ಟು ಗಡಸು, ಬಡಿದರೆ ಚೂರಾಗುವಷ್ಟು ಪೆಡಸು.

ಕುಲುಮೆಯ ಜಾಣತನ ಕಾಣುವುದು ಮುಂದಿನ ಅರೆ ನಿಮಿಷದಲ್ಲಿ. ಕಮ್ಮಾರ ಇಡೀ ಕೊಡಲಿಯನ್ನು ಮುಳುಗಿಸುವುದಿಲ್ಲ. ಬಾಯಿಯನ್ನಷ್ಟೇ ನೇರವಾಗಿ ಒಂದಂಗುಲ ಅದ್ದಿ, ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತಾನೆ. ಒಂದೇ ಮಟ್ಟದಲ್ಲಿ ಹಿಡಿದರೆ ನೀರಿನ ಗೆರೆಯ ನೇರಕ್ಕೆ ಬಿರುಕು ಬೀಳಬಹುದು. ಚೊಂಯ್ ಎಂಬ ಸದ್ದು ಅಡಗುತ್ತಲೇ ಹೊರತೆಗೆದು, ಇಟ್ಟಿಗೆ ಚೂರಿನಿಂದ ಬಾಯಿಯನ್ನು ಗಸಗಸ ಉಜ್ಜುತ್ತಾನೆ. ಕಪ್ಪು ಹೋಗಿ ಬೆಳ್ಳಗಿನ ಲೋಹ ಕಾಣುತ್ತದೆ. ಹಿಂಬದಿ ಇನ್ನೂ ಕಾದೇ ಇದೆ. ಆ ಶಾಖ ನಿಧಾನವಾಗಿ ಮುಂದಕ್ಕೆ ಹರಿಯುತ್ತದೆ, ಬೆಳ್ಳಗಿನ ಪಟ್ಟಿಯ ಮೇಲೆ ಬಣ್ಣಗಳು ಒಂದರ ಹಿಂದೊಂದು ನಡೆದು ಬರುತ್ತವೆ: ಮೊದಲು ತಿಳಿಹಳದಿ, ಹಿಂದೆಯೇ ಹೊಂಬಣ್ಣ, ಕಂದು, ನೇರಳೆ, ಕೊನೆಗೆ ನೀಲಿ. ಲೋಹದ ಮೇಲೆ ಕಟ್ಟುವ ಆಕ್ಸೈಡ್ ಪೊರೆ ದಪ್ಪವಾದಂತೆ ಬೆಳಕು ಬೇರೆ ಬಣ್ಣವಾಗಿ ಮರಳುತ್ತದೆ. ತಿಳಿಹಳದಿ ಎಂದರೆ 220 ಡಿಗ್ರಿಯ ಸುಮಾರು, ಕಂದು 250ರ ಹತ್ತಿರ, ನೇರಳೆ 275ರ ಆಸುಪಾಸು, ನೀಲಿ 290ರ ಮೇಲೆ. ಕಂದು ಮುಗಿದು ನೇರಳೆ ಅಂಚನ್ನು ಮುಟ್ಟುತ್ತಿದ್ದಂತೆ ಬಾಯಿಯನ್ನು ಮತ್ತೆ ನೀರಿಗೆ ಇಳಿಸುತ್ತಾನೆ.

ಹೀಗೆ ಅಂಚಿನಲ್ಲಿ ಗಡಸು ಉಳಿದು, ಹಿಂದೆ ಹೋದಂತೆ ಇಳಿಯುತ್ತದೆ. ಎರಡು ಲೋಹ ಬೆಸೆದು ಪಡೆಯುತ್ತಿದ್ದ ಗುಣದ ಬಹುಪಾಲನ್ನು ಸ್ಪ್ರಿಂಗ್ ಪ್ಲೇಟಿನ ಒಂಟಿ ಉಕ್ಕಿನಲ್ಲಿ ಈ ಹದವೊಂದರಿಂದಲೇ ತರಬಹುದು. ಅದಕ್ಕೇ ಲಾರಿ ಉಕ್ಕು ಬಂದಮೇಲೆ ಬೆಸುಗೆಯ ಹಾದಿ ಹಿಂದೆ ಸರಿಯಿತು, ಹದದ ವಿದ್ಯೆ ಮಾತ್ರ ಉಳಿದುಕೊಂಡಿತು. ಆದರೆ ಸ್ಪ್ರಿಂಗ್ ಉಕ್ಕಿಗೆ ತಣ್ಣೀರು ಕೆಲವೊಮ್ಮೆ ತೀರ ಜೋರಾಗುತ್ತದೆ. ಹೊಸಬರು ಬೆಚ್ಚಗಿನ ಎಣ್ಣೆಯಲ್ಲಿ ಅದ್ದುವುದು ಕ್ಷೇಮ.

ಹೊಸಬರ ಗಮನಕ್ಕೆ

• ಕಪ್ಪಗಿರುವ ಕಬ್ಬಿಣವೆಲ್ಲ ತಣ್ಣಗಿರುವುದಿಲ್ಲ. 400 ಡಿಗ್ರಿಯಲ್ಲೂ ಅದು ಕಪ್ಪಾಗಿಯೇ ಕಾಣುತ್ತದೆ. ಮುಟ್ಟುವ ಮೊದಲು ಅಂಗೈಯ ಹಿಂಬದಿಯನ್ನು ಹತ್ತಿರ ಒಯ್ದು ಶಾಖ ನೋಡಿ.

• ಜಿ.ಐ. ಪೈಪು, ಸತುವಿನ ಲೇಪವಿರುವ ತುಂಡುಗಳನ್ನು ಒಲೆಗೆ ಹಾಕಬೇಡಿ. ಅದರ ಹೊಗೆ ಜ್ವರ ಬರಿಸುತ್ತದೆ.

• ಕಣ್ಣಿಗೆ ಕನ್ನಡಕ, ಮೈಗೆ ಹತ್ತಿಬಟ್ಟೆ. ನೈಲಾನ್, ಪಾಲಿಯೆಸ್ಟರ್ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ.

• ಎಣ್ಣೆಯಲ್ಲಿ ಹದ ಹಾಕುವಾಗ ಕಬ್ಬಿಣದ ಡಬ್ಬಿ, ಬಿಗಿಯಾಗಿ ಮುಚ್ಚುವ ಮುಚ್ಚಳ ಪಕ್ಕದಲ್ಲಿರಲಿ. ಹೊತ್ತಿಕೊಂಡ ಎಣ್ಣೆಗೆ ನೀರು ಸುರಿಯಬೇಡಿ.

• ಹಳೇ ಸ್ಪ್ರಿಂಗ್ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ಒಂದು ತುಂಡನ್ನು ಹದ ಹಾಕಿ, ಮುರಿದು ನೋಡಿ, ಆಮೇಲೆ ಕೆಲಸಕ್ಕೆ ತೆಗೆದುಕೊಳ್ಳಿ.

ಕಾವು, ಮತ್ತೆ ಕುಲುಮೆ

ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆ ಮರದ ಕಡೆಯಿಂದ ಹೇಳಿದ್ದು. ಕಮ್ಮಾರನ ಕಡೆಯಿಂದ ನೋಡಿದರೆ ಕಾವು ಸರಿಯಿಲ್ಲದಿದ್ದರೆ ಮೃತ್ಯು ಕಡಿಯುವವನಿಗೇ. ತಲೆ ಕಳಚಿ ಹಾರಿದ ಕೊಡಲಿಗಿಂತ ಅಪಾಯದ ಉಪಕರಣ ಹಳ್ಳಿಯಲ್ಲಿ ಕಡಿಮೆ. ತಡಸಲು, ದಿಂಡಿಗದಂಥ ಮರಗಳು ಕಾವಿಗೆ ಹೆಸರಾಗಿರುವುದು ಅವು ಗಟ್ಟಿಯೂ ಹೌದು, ಬಾಗಿ ಮರಳುವ ಗುಣವೂ ಇದೆ ಎಂಬ ಕಾರಣಕ್ಕೆ. ನಾರು ಕಾವಿನುದ್ದಕ್ಕೂ ನೇರವಾಗಿ ಓಡಿರಬೇಕು, ಮರ ಚೆನ್ನಾಗಿ ಒಣಗಿರಬೇಕು. ಹಸಿ ಮರದ ಕಾವು ಆಮೇಲೆ ಕುಗ್ಗಿ ಸಡಿಲವಾಗುತ್ತದೆ. ಕಾವು ಇಳಿಯುವ ಕಡೆಗಿಂತ ಹೊರಬರುವ ಕಡೆ ತೂತು ತುಸು ಅಗಲವಾಗಿದ್ದರೆ, ಬೆಣೆ ಬಡಿದಾಗ ಮರ ಅಲ್ಲಿ ಹಿಗ್ಗಿ ತಲೆಯನ್ನು ಕಚ್ಚಿ ಹಿಡಿಯುತ್ತದೆ.

ಇನ್ನುಳಿದದ್ದು ಪರೀಕ್ಷೆ. ಸಾಣೆ ಹಿಡಿದು ಒಣಗಿದ ಮರದ ಗಂಟಿಗೆ ಹತ್ತು ಏಟು ಹಾಕಿ ಬಾಯಿಯನ್ನು ಬೆಳಕಿಗೆ ಹಿಡಿಯಬೇಕು. ಚೂರು ಹಾರಿದ್ದರೆ ಹದ ಹೆಚ್ಚಾಗಿದೆ, ಇನ್ನೊಂದಿಷ್ಟು ಬಣ್ಣ ಓಡಿಸಬೇಕು. ಅಂಚು ಮಡಚಿದ್ದರೆ ಹದ ಸಾಲದು, ಮತ್ತೆ ಕೆಂಪಗೆ ಕಾಯಿಸಿ ಮೊದಲಿನಿಂದ ಹದ ಹಾಕಬೇಕು. ಎರಡಕ್ಕೂ ಕೊಡಲಿಯನ್ನು ಎಸೆಯಬೇಕಾಗಿಲ್ಲ. ಆಯದ ಪದ್ಧತಿ ನಡೆಯುತ್ತಿದ್ದ ಕಾಲದಲ್ಲಿ ರೈತ ಸುಗ್ಗಿಯಲ್ಲಿ ಕಮ್ಮಾರನಿಗೆ ಕಾಳು ಅಳೆದು, ವರ್ಷವಿಡೀ ಕುಳ, ಕುಡುಗೋಲು, ಕೊಡಲಿಗಳನ್ನು ಹಣಿಸಿಕೊಳ್ಳುತ್ತಿದ್ದ. ಬಾಯಿಯ ಉಕ್ಕು ಸವೆದು ಮೆದು ಕಬ್ಬಿಣ ಸಿಕ್ಕಿದಾಗ ಹೊಸ ಉಕ್ಕು ಹಾಕಿಸುತ್ತಿದ್ದ. ಮಾಡುವುದು ಒಂದು ಸಲ, ರಿಪೇರಿ ಹತ್ತಾರು ಸಲ.

ಹಾಗಾಗಿ ಕಲಿಯುವವರು ಹೊಸ ಕೊಡಲಿಗೆ ಮೊದಲು ಗುಜರಿಯಿಂದ ಹಳೇ ಬೆಸುಗೆಯ ಕೊಡಲಿಯೊಂದನ್ನು ತರುವುದು ಒಳ್ಳೆಯದು. ಅದರ ಕೆನ್ನೆಯನ್ನು ಉಜ್ಜಿ ಹೊಳಪು ಬರಿಸಿ, ಹುಣಸೆಹುಳಿಯನ್ನೋ ನಿಂಬೆರಸವನ್ನೋ ಹಚ್ಚಿ ಒಂದಷ್ಟು ಹೊತ್ತು ಬಿಟ್ಟರೆ ಉಕ್ಕು ಹೆಚ್ಚು ಕಪ್ಪಾಗುತ್ತದೆ, ಕಬ್ಬಿಣ ತಿಳಿಯಾಗಿ ಉಳಿಯುತ್ತದೆ, ನಡುವೆ ಬೆಸುಗೆಯ ಗೆರೆ ಏಳುತ್ತದೆ. ಕಮ್ಮಾರ ಉಕ್ಕನ್ನು ಎಷ್ಟು ಒಳಗೆ ಇಟ್ಟಿದ್ದ, ಬೆಸುಗೆ ಎಲ್ಲಿ ಬಿಗಿಯಾಗಿದೆ, ಎಲ್ಲಿ ತಪ್ಪಿದೆ ಎಂಬುದೆಲ್ಲ ಅಲ್ಲಿ ಓದಲು ಸಿಗುತ್ತದೆ. ಗೆರೆಯಿಂದ ಬಾಯಿಯ ಅಂಚಿಗೆ ಒಂದಂಗುಲ ಉಳಿದಿದ್ದರೆ ಆ ಕೊಡಲಿಗೆ ಇನ್ನೂ ಹಲವು ವರ್ಷಗಳ ಆಯುಷ್ಯವಿದೆ. ಅದಕ್ಕೊಂದು ಹೊಸ ಹದ, ಹೊಸ ಕಾವು ಕೊಡುವುದೇ ಮೊದಲ ಪಾಠವಾಗಲಿ.